ಕಾಲಿ ಲಿನಕ್ಸ್‌ನಲ್ಲಿ ವೈಫೈ ಕಾರ್ಡ್ ಕಾಣ್ತಿಲ್ಲ, ಯಾವ ಡ್ರೈವರ್ ಹಾಕಬೇಕು?

ಪ್ರಶ್ನೆ: ಸರ್, ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದ್ರೆ ವರ್ಚುವಲ್ ಮಷೀನ್, ಓಡಿಸುವ ಸಾಫ್ಟ್‌ವೇರ್) ಕಾಲಿ (ಭದ್ರತಾ ಪರೀಕ್ಷೆಗೆ ಬಳಸುವ ಲಿನಕ್ಸ್) ಹಾಕಿದ್ದೇನೆ. ಇಂಟರ್ನೆಟ್ ಬರುತ್ತೆ, ಬ್ರೌಸರ್ ಓಡುತ್ತೆ, ಆದರೆ ಡಬ್ಲ್ಯುಲ್ಯಾನ್0 (ಲಿನಕ್ಸ್‌ನಲ್ಲಿ ವೈಫೈ ಕಾರ್ಡಿನ ಹೆಸರು) ಮಾತ್ರ ಕಾಣ್ತಿಲ್ಲ. ಯಾವ ಡ್ರೈವರ್ ಹಾಕಲಿ?

ಉತ್ತರ: ಯಾವುದನ್ನೂ ಹಾಕಬೇಡಿ. ಈ ಪ್ರಶ್ನೆಗೆ ಎರಡೆರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಈ ಸಲ ಪೂರ್ತಿ ಬಿಡಿಸಿ ಹೇಳ್ತೀನಿ.

ಲ್ಯಾಪ್‌ಟಾಪ್‌ನಲ್ಲಿ ವೈಫೈ ಇದೆ, ಅಂದ್ಮೇಲೆ ಅದರೊಳಗೆ ಓಡುವ ಕಾಲಿಗೂ ವೈಫೈ ಸಿಗಲೇಬೇಕು ಅನ್ನೋ ನಂಬಿಕೆ ಇದೆಯಲ್ಲ, ತೊಂದರೆ ಶುರುವಾಗೋದೇ ಅಲ್ಲಿ. ವರ್ಚುವಲ್ ಮಷೀನ್ ಒಳಗಿನ ಕಾಲಿಗೆ ನಿಮ್ಮ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಇದೆ ಅನ್ನೋದೇ ಗೊತ್ತಿಲ್ಲ. ಆ ಕಾರ್ಡ್ ಹೊರಗಿನ ಸಿಸ್ಟಮ್‌ನ ಕೈಯಲ್ಲಿದೆ. ಕಾಲಿಯ ಕಣ್ಣಿಗೆ ವರ್ಚುವಲ್‌ಬಾಕ್ಸ್ ತೋರಿಸೋದು ತಾನೇ ಸೃಷ್ಟಿಸಿದ ಒಂದು ಕಾರ್ಡನ್ನು, ಸಾಮಾನ್ಯವಾಗಿ ಇಂಟೆಲ್ ಪ್ರೊ/1000 ಅನ್ನೋ ಹಳೇ ಕೇಬಲ್ ಕಾರ್ಡಿನ ನಕಲನ್ನು. ಹೊರಗೆ ನೀವು ವೈಫೈನಲ್ಲೇ ಇದ್ದರೂ ಒಳಗೆ ಕಾಲಿ ‘ನನಗೆ ಕೇಬಲ್ ಹಾಕಿದ್ದಾರೆ’ ಅಂತಲೇ ತಿಳಿದುಕೊಂಡಿರುತ್ತೆ. ಅದಕ್ಕೇ ಈಥ್0 (ಕೇಬಲ್ ಕಾರ್ಡಿನ ಹೆಸರು) ಇದೆ, ಇಂಟರ್ನೆಟ್ ಇದೆ, ಡಬ್ಲ್ಯುಲ್ಯಾನ್0 ಇಲ್ಲ.

ಅನುಮಾನ ಇದ್ದರೆ ಕಾಲಿಯ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci, ಒಳಗಿನ ಕಾರ್ಡುಗಳ ಪಟ್ಟಿ ಕೊಡುವ ಕಮಾಂಡ್) ಕೊಟ್ಟು ನೋಡಿ. ಈಥರ್ನೆಟ್ ಕಂಟ್ರೋಲರ್ ಅಂತ ಒಂದು ಸಾಲು ಬರುತ್ತೆ. ವೈಫೈ ಕಾರ್ಡಿನ ಸಾಲೇ ಇರಲ್ಲ. ಇಲ್ಲದ ಕಾರ್ಡಿಗೆ ಡ್ರೈವರ್ ಹುಡುಕೋದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಅಲ್ವಾ? ಆದರೂ ಜನ ಕಾಲಿಯನ್ನು ಮೂರು ಸಲ ಅಳಿಸಿ ಹಾಕ್ತಾರೆ. ‘ನ್ಯಾಟ್ ತೆಗೆದು ಬ್ರಿಡ್ಜ್ ಮಾಡಿ, ಬರುತ್ತೆ’ (ಇವೆರಡೂ ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ಗಳು) ಅಂತ ಒಬ್ಬರಿಗೊಬ್ಬರು ಹೇಳಿಕೊಡ್ತಾರೆ. ಬರಲ್ಲ. ಬ್ರಿಡ್ಜ್ ಮಾಡಿದರೆ ನಿಮ್ಮ ರೌಟರ್ ಕಾಲಿಗೆ ಬೇರೆ ಐಪಿ ಕೊಡುತ್ತೆ, ಅಷ್ಟೇ. ಒಳಗಿರೋದು ಆಗಲೂ ಅದೇ ಕೇಬಲ್ ಕಾರ್ಡು.

ನಿಮಗಿರೋದು ಎರಡು ದಾರಿ. ಪೆನ್‌ಡ್ರೈವ್‌ನಿಂದ ಕಾಲಿ ಲೈವ್ ಬೂಟ್ ಮಾಡಿದರೆ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸಿದರೆ) ಮಧ್ಯೆ ಯಾರೂ ಇರಲ್ಲ, ಲ್ಯಾಪ್‌ಟಾಪ್‌ನ ಕಾರ್ಡೇ ನೇರವಾಗಿ ಸಿಗುತ್ತೆ. ವರ್ಚುವಲ್ ಮಷೀನೇ ಬೇಕು ಅಂದ್ರೆ ಯುಎಸ್‌ಬಿ ವೈಫೈ ಅಡಾಪ್ಟರ್ ತಗೊಳ್ಳಿ. ಚುಚ್ಚಿದರೆ ಸಾಲದು, ವರ್ಚುವಲ್‌ಬಾಕ್ಸ್‌ನ ಡಿವೈಸಸ್ ಮೆನುವಿನಲ್ಲಿ ಯುಎಸ್‌ಬಿಗೆ ಹೋಗಿ ಅದಕ್ಕೆ ಟಿಕ್ ಹಾಕಬೇಕು. ಹೊರಗಿನ ಸಿಸ್ಟಮ್ ಕೂಡ ಲಿನಕ್ಸ್ ಆದರೆ ನಿಮ್ಮ ಯೂಸರ್ ಅನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸದೆ ಆ ಪಟ್ಟಿ ಖಾಲಿಯೇ ಕಾಣುತ್ತೆ.

ಆಮೇಲೆ ಎಲ್‌ಎಸ್‌ಯುಎಸ್‌ಬಿ (lsusb, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಕಮಾಂಡ್) ಕೊಡಿ. 0ಸಿಎಫ್3:9271 ಅನ್ನೋ ಸಂಖ್ಯೆ ಕಂಡರೆ ಅದು ಅಥೆರೋಸ್ ಎಆರ್9271 ಚಿಪ್. ಅದರ ಡ್ರೈವರ್ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇದೆ, ನೀವು ಏನೂ ಮಾಡಬೇಕಿಲ್ಲ. ಅಡಾಪ್ಟರ್ ಕೊಳ್ಳುವಾಗ ನೋಡಬೇಕಾದ್ದೂ ಈ ಚಿಪ್ಪನ್ನೇ, ಡಬ್ಬಿ ಮೇಲಿನ ಹೆಸರನ್ನಲ್ಲ. ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಅದರ ಮೊದಲ ವರ್ಷನ್‌ನಲ್ಲಿ ಈ ಎಆರ್9271 ಇತ್ತು, ಎರಡನೇ ವರ್ಷನ್‌ನಿಂದ ಒಳಗಿರೋದು ರಿಯಲ್‌ಟೆಕ್ ಚಿಪ್. ಹೆಸರು ಅದೇ, ಕೆಲಸ ಬೇರೆ. ಐಡಬ್ಲ್ಯು ಲಿಸ್ಟ್ (iw list) ಕಮಾಂಡ್ ಕೊಟ್ಟಾಗ ‘ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್’ ಕೆಳಗೆ ಮಾನಿಟರ್ (ಸುತ್ತಲಿನ ವೈಫೈ ಸಂಕೇತಗಳನ್ನೆಲ್ಲ ಕೇಳಿಸಿಕೊಳ್ಳುವ ಮೋಡ್) ಅಂತ ಇದೆಯಾ ನೋಡಿ.

ರಿಯಲ್‌ಟೆಕ್ 8812ಎಯು ಆದರೆ ಡಿಕೆಎಂಎಸ್ ಪ್ಯಾಕೇಜ್ (ನಿಮ್ಮ ಕರ್ನಲ್‌ಗೆ ತಕ್ಕಂತೆ ಡ್ರೈವರ್ ಬಿಲ್ಡ್ ಮಾಡಿಕೊಳ್ಳುವಂಥದ್ದು) ಹಾಕಬೇಕಾಗಬಹುದು. ಅದಕ್ಕೂ ಮುಂಚೆ ಪೂರ್ತಿ ಅಪ್‌ಗ್ರೇಡ್ ಮಾಡಿ ರೀಬೂಟ್ ಮಾಡಿ. ಓಡುತ್ತಿರುವ ಕರ್ನಲ್‌ಗೂ ಹೆಡರ್‌ಗೂ (ಬಿಲ್ಡ್ ಮಾಡಲು ಬೇಕಾದ ಕರ್ನಲ್ ಫೈಲ್‌ಗಳಿಗೂ) ವರ್ಷನ್ ಹೊಂದದಿದ್ದರೆ ಡ್ರೈವರ್ ಬಿಲ್ಡ್ ಆಗಲ್ಲ.

ಯಾರೂ ಕೇಳದ ಇನ್ನೊಂದು ಮಾತು. ಎಲ್ಲಾ ಸರಿಯಾದ ಮೇಲೂ ನಿಮ್ಮದೇ ರೌಟರ್‌ನ 5 ಗಿಗಾಹರ್ಟ್ಸ್ ನೆಟ್‌ವರ್ಕ್ ಏರೋಡಂಪ್‌ನಲ್ಲಿ (airodump-ng, ಸುತ್ತಲಿನ ವೈಫೈ ನೆಟ್‌ವರ್ಕ್‌ಗಳನ್ನು ತೋರಿಸುವ ಕಾಲಿಯ ಟೂಲ್) ಕಾಣದೆ ಇರಬಹುದು (ನಿಮ್ಮದಲ್ಲದ, ಅನುಮತಿ ಇಲ್ಲದ ನೆಟ್‌ವರ್ಕ್ ತಂಟೆಗೆ ಹೋಗಲೇಬೇಡಿ). ಎಆರ್9271ಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಗೊತ್ತಿಲ್ಲ. ಎರಡೂ ಬ್ಯಾಂಡ್ ಹಿಡಿಯುವ ಕಾರ್ಡ್ ಇದ್ದರೂ ಏರೋಡಂಪ್ ತಾನಾಗಿ 2.4ರ ಚಾನಲ್‌ಗಳನ್ನಷ್ಟೇ ಸುತ್ತುತ್ತೆ. ಬ್ಯಾಂಡ್ ಆಯ್ಕೆಗೆ ಎಬಿಜಿ (--band abg) ಅಂತ ಕೊಡಿ, 5ರದ್ದೂ ಕಾಣುತ್ತೆ.