ಎಲ್ಲ ಸಾಲೂ ಓಡಿತು, ಬಗ್ ಮಾತ್ರ ಸಿಗಲಿಲ್ಲ

2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ ಝೂನ್ 30 ಮ್ಯೂಸಿಕ್ ಪ್ಲೇಯರ್‌ಗಳು ಸಾಲಾಗಿ ಹ್ಯಾಂಗ್ ಆದವು. ಕಂಪನಿ ಹೇಳಿದ ಪರಿಹಾರ: ಬ್ಯಾಟರಿ ಪೂರ್ತಿ ಖಾಲಿಯಾಗಲಿ, ನಾಳೆ ಮಧ್ಯಾಹ್ನದ ಮೇಲೆ ಚಾರ್ಜ್ ಮಾಡಿ. ಮಾಟ ಕಳೆದುಕೊಳ್ಳೋಕೆ ಮುಹೂರ್ತ ಕೊಟ್ಟ ಹಾಗಿದೆ, ಅಲ್ವಾ?

ಕಾರಣ ಮಾತ್ರ ಶುದ್ಧ ಲೆಕ್ಕ. 1980ರ ಜನವರಿ 1ರಿಂದ ಎಣಿಸಿದ ದಿನಗಳಿಂದ ಇಸವಿ ಕಂಡುಹಿಡಿಯುವ ಪುಟ್ಟ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಕೋಡ್ ತುಣುಕು, ಅದರೊಳಗಿತ್ತು. ದಿನಗಳು 365ಕ್ಕಿಂತ ಜಾಸ್ತಿ ಇರುವವರೆಗೂ ಅದು ತಿರುಗುತ್ತದೆ. ಸಾಮಾನ್ಯ ವರ್ಷವಾದರೆ 365 ಕಳೆದು ಇಸವಿಗೆ ಒಂದು ಕೂಡಿಸುತ್ತದೆ. ಅಧಿಕ ವರ್ಷವಾದರೆ, ದಿನಗಳು 366ಕ್ಕಿಂತ ಜಾಸ್ತಿ ಇದ್ದಾಗ ಮಾತ್ರ 366 ಕಳೆದು ಒಂದು ಕೂಡಿಸುತ್ತದೆ. ಸರಿಯಾಗಿ 366 ಉಳಿದರೆ, ಅಂದರೆ ಅಧಿಕ ವರ್ಷದ ಡಿಸೆಂಬರ್ 31 ಆದರೆ? ಏನೂ ಬರೆದಿಲ್ಲ! 365ಕ್ಕಿಂತ ಜಾಸ್ತಿ, ಹಾಗಾಗಿ ಲೂಪ್ ಬಿಡುವುದಿಲ್ಲ. 366ಕ್ಕಿಂತ ಜಾಸ್ತಿ ಅಲ್ಲ, ಹಾಗಾಗಿ ಕಳೆಯುವುದೂ ಇಲ್ಲ. ಸುಮ್ನೆ ತಿರುಗುತ್ತಲೇ ಇರುತ್ತದೆ. ಮರುದಿನ 367 ಆಗುತ್ತದೆ, 366 ಕಳೆದರೆ ಉಳಿಯುವುದು 1, ಅಂದರೆ ಜನವರಿ 1. ಮುಹೂರ್ತದ ಗುಟ್ಟು ಇಷ್ಟೇ. ಝೂನ್ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಅದು ಕಂಡ ಮೊದಲ ಅಧಿಕ ವರ್ಷವೇ 2008.

ಕೋಡನ್ನು ಬಿಚ್ಚಿಟ್ಟುಕೊಂಡು, ಅದರ ಒಳದಾರಿ ನೋಡಿ ಟೆಸ್ಟ್ ಬರೆಯುವುದಕ್ಕೆ ವೈಟ್ ಬಾಕ್ಸ್ ಟೆಸ್ಟಿಂಗ್ ಎನ್ನುತ್ತಾರೆ. ಅದರಲ್ಲೂ ಒಂದು ಮೋಸವಿದೆ. "ಎಲ್ಲ ಸಾಲೂ ಓಡಿದೆ, ಕವರೇಜ್ ಶೇ. 100" ಎಂದು ಬೀಗುವವರನ್ನು ಕಂಡರೆ ನನಗೆ ರೇಗುತ್ತದೆ. ಈ ಲೂಪಿಗೆ 2007ರ ಯಾವುದಾದರೂ ತಾರೀಕು ಕೊಡಿ. 1980 ಅಧಿಕ ವರ್ಷ, 1981 ಸಾಮಾನ್ಯ. ಎರಡೇ ಸುತ್ತಿನಲ್ಲಿ ಲೂಪಿನ ಎಲ್ಲ ಸಾಲೂ ಓಡಿಬಿಡುತ್ತವೆ. ಒಂದೇ ಟೆಸ್ಟಿಗೆ ನೂರಕ್ಕೆ ನೂರು! ಊರಿನ ಎಲ್ಲ ಮನೆಗೂ ಕಾಗದ ಮುಟ್ಟಿಸಿದ ಅಂಚೆಯವನು ಮನೆಯೇ ಇಲ್ಲದ ಓಣಿಗೆ ಕಾಲಿಟ್ಟಿರುವುದಿಲ್ಲ. ಬಗ್ ಇದ್ದದ್ದು ಆ ಓಣಿಯಲ್ಲಿ.

ಬ್ರಾಂಚ್ ಕವರೇಜ್ ಇದಕ್ಕಿಂತ ಬಿಗಿ. ಪ್ರತಿ 'ಇಫ್'ಗೂ, ಅಂದರೆ ಕೋಡ್ ಕೇಳುವ 'ಹೀಗಿದೆಯಾ?' ಎಂಬ ಪ್ರತಿ ಪ್ರಶ್ನೆಗೂ, ಹೌದು, ಇಲ್ಲ ಎರಡೂ ಉತ್ತರ ಬರಲೇಬೇಕು. '366ಕ್ಕಿಂತ ಜಾಸ್ತಿಯಾ?' ಎಂದು ಕೇಳುವ ಒಳಗಿನ ಆ 'ಇಫ್' ಬಾಯಲ್ಲಿ 'ಇಲ್ಲ' ಅನ್ನಿಸಬಲ್ಲ ಸಂಖ್ಯೆ ಒಂದೇ: 366. ಕೊಟ್ಟ ಕೂಡಲೇ ಟೆಸ್ಟರ್‌ನ ಮೇಜಿನ ಮೇಲೇ ಹ್ಯಾಂಗ್.

ವಿಮಾನದವರು ಇನ್ನೂ ಒಂದು ಹೆಜ್ಜೆ ಮುಂದೆ. 1992ರಲ್ಲಿ ಬಂದ ಡಿಒ-178ಬಿ ಎಂಬ ವಿಮಾನ ಸಾಫ್ಟ್‌ವೇರ್ ನಿಯಮಾವಳಿಯ ಕಾಲದಿಂದಲೂ, ಕೆಟ್ಟರೆ ವಿಮಾನವೇ ಬೀಳಬಹುದಾದ ಸಾಫ್ಟ್‌ವೇರ್‌ನಲ್ಲಿ ಒಂದು 'ಇಫ್'ನೊಳಗಿನ ಪ್ರತಿಯೊಂದು ಷರತ್ತೂ ತಾನೊಂದೇ ಅದರ ತೀರ್ಮಾನವನ್ನು ಬದಲಿಸಬಲ್ಲದು ಎಂದು ತೋರಿಸಬೇಕು. ಅಲ್ಲೂ ಟೆಸ್ಟ್ ಬರೆಯುವುದು ಈ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ಪಟ್ಟಿ ಹಿಡಿದೇ. ಆ ಟೆಸ್ಟುಗಳು ಎಲ್ಲೆಲ್ಲಿ ಮುಟ್ಟಲಿಲ್ಲ ಎಂದು ತಿಳಿಯಲು ಆಮೇಲೆ ಕೋಡ್ ನೋಡುತ್ತಾರೆ. ಬರೆಯಲು ಮರೆತೇಹೋದ ಕೆಲಸವನ್ನು ಕೋಡ್ ತಾನಾಗಿ ಹೇಳುವುದಿಲ್ಲವಲ್ಲ.