ಒಂದೇ ವರ್ಷ, ನಾಲ್ಕು ಗ್ಲಾಸು: 2021ರ ಬೋಜೊಲೆ

ಹಗುರವಾದ ಫ್ರೆಂಚ್ ಕೆಂಪು ವೈನ್‌ಗಳನ್ನು ಪಕ್ಕಪಕ್ಕ ಇಟ್ಟು ರುಚಿ ನೋಡಬೇಕು ಅನ್ನುವವರು ಮೊದಲು ಕೇಳುವುದು, "ಯಾವ ವರ್ಷದ್ದು ಚೆನ್ನಾಗಿದೆ?" ಎಂದು. ಹೆಸರುವಾಸಿ ವರ್ಷ ಬೇಡ ಅಂತಲೇ ನಾನು ಹೇಳುತ್ತೇನೆ. ಸುಮ್ನೆ ಕುಡಿಯುವುದಕ್ಕಾದರೆ ಯಾವುದಾದರೂ ಸರಿ. ಕಲಿಯುವುದಕ್ಕೆ ಮಾತ್ರ ತಂಪಾದ, ಬೆಳೆಗಾರರನ್ನು ಚೆನ್ನಾಗಿ ಕಾಡಿದ ವರ್ಷವೇ ಬೇಕು. ಬೋಜೊಲೆಗೆ 2021 ಅಂಥ ವರ್ಷ.

ಬೋಜೊಲೆ ಅನ್ನುವ ವೈನ್ ಸೀಮೆ ಇರುವುದು ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕೆ. ಅಲ್ಲಿ ಕೆಂಪು ವೈನಿಗೆ ಬಹುತೇಕ ಒಂದೇ ದ್ರಾಕ್ಷಿ, ಗಮೆ. 1395ರಲ್ಲಿ, ಇದಕ್ಕೂ ಉತ್ತರಕ್ಕಿರುವ ಬರ್ಗಂಡಿ ಸೀಮೆಯ ದೊರೆ ಫಿಲಿಪ್ ಈ ಬಳ್ಳಿಯನ್ನು ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದ್ದ. ಅದು ಭದ್ರವಾಗಿ ನೆಲೆಯೂರಿದ್ದು ಇನ್ನೂ ದಕ್ಷಿಣದ ಈ ಗುಡ್ಡಗಳಲ್ಲಿ. ನವೆಂಬರ್ ಮೂರನೇ ಗುರುವಾರ ಮಾರುಕಟ್ಟೆಗೆ ಬರುವ ಆ ವರ್ಷದ ಹೊಸ ವೈನ್, ಬೋಜೊಲೆ ನೂವೋ, ತುಂಬಾ ಜನರಿಗೆ ಗೊತ್ತು. ಇಲ್ಲಿ ಹೇಳುತ್ತಿರುವುದು ಅದಲ್ಲ. ಸೀಮೆಯ ಉತ್ತರ ಭಾಗದಲ್ಲಿ ಹತ್ತು ಜಾಗಗಳಿವೆ, ಅವುಗಳಿಗೆ ಕ್ರೂ ಅನ್ನುತ್ತಾರೆ. ಬಾಟಲಿಯ ಮೇಲೆ ಆ ಜಾಗದ ಹೆಸರೇ ದೊಡ್ಡದಾಗಿ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ ಬೋಜೊಲೆ ಅಂತ ಹುಡುಕಬೇಡಿ, ಜಾಗದ ಹೆಸರು ಹುಡುಕಿ. ಹತ್ತರಲ್ಲಿ ನಾಲ್ಕನ್ನು ನಾನು ಆರಿಸುತ್ತೇನೆ: ಶಿರೂಬ್ಲ, ಫ್ಲೂರಿ, ಮೊರ್ಗೊನ್, ಮುಲ್ಯಾಂ-ಅ-ವಾಂ. ದ್ರಾಕ್ಷಿ ಒಂದೇ, ವರ್ಷ ಒಂದೇ. ಆಗ ಉಳಿಯುವ ವ್ಯತ್ಯಾಸ ಎರಡೇ ಕಡೆಯಿಂದ ಬರಬೇಕು, ಒಂದು ನೆಲ, ಇನ್ನೊಂದು ಮಾಡಿದವರ ಕೈ.

ಬಾಟಲಿ ಮೇಲಿನ ವರ್ಷಕ್ಕೆ ಅಷ್ಟೊಂದು ಬೆಲೆ ಯಾಕೆ ಅಂತ ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಅನ್ನಿಸಬಹುದು. ಅವರು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿ ಕತ್ತರಿಸುತ್ತಾರೆ. ಹಣ್ಣು ಕೊಯ್ಯುವುದು ಮಳೆಯಿಲ್ಲದ ಬೇಸಿಗೆಯ ಹೊತ್ತಿಗೆ. ಬೋಜೊಲೆಯಲ್ಲಿ ಬಳ್ಳಿ ಚಳಿಗಾಲ ಪೂರ್ತಿ ನಿದ್ದೆ ಮಾಡುತ್ತದೆ. ವಸಂತದಲ್ಲಿ ಚಿಗುರಿದರೆ ಇಬ್ಬನಿ ಹೆಪ್ಪುಗಟ್ಟುವ ಭಯ, ಕೊಯ್ಲಿನ ಹೊತ್ತಿಗೆ ಮಳೆಯ ಭಯ. ವರ್ಷಕ್ಕೆ ಒಂದೇ ಬೆಳೆ. ಆ ವರ್ಷದ ಹವೆ ಹೇಗಿತ್ತೋ ವೈನೂ ಹಾಗೇ.

2021ರಲ್ಲಿ ಮಾರ್ಚ್ ಕೊನೆಗೆ ಬಿಸಿಲು ಬಿತ್ತು, ಚಿಗುರು ಬೇಗ ಬಂತು. ಗಮೆ ಮೊದಲೇ ಬೇಗ ಚಿಗುರುವ ಜಾತಿ. ಏಪ್ರಿಲ್ ಮೊದಲ ವಾರದಲ್ಲಿ ಫ್ರಾನ್ಸಿನ ಉದ್ದಗಲಕ್ಕೂ ಇಬ್ಬನಿ ಹೆಪ್ಪುಗಟ್ಟಿ ಎಳೆ ಚಿಗುರು ಸುಟ್ಟುಹೋಯಿತು. ಉಳಿದದ್ದಕ್ಕೆ ಬೇಸಿಗೆಯಿಡೀ ಮಳೆ, ಮಳೆಯ ಹಿಂದೆ ಬೂಜು ರೋಗ. 2020ರಲ್ಲಿ ಆಗಸ್ಟ್‌ನಲ್ಲೇ ಶುರುವಾಗಿದ್ದ ಕೊಯ್ಲು ಈ ಸಲ ಸೆಪ್ಟೆಂಬರ್‌ಗೆ ಹೋಯಿತು. ಬೆಳೆಯೂ ಕಡಿಮೆ ಬಂತು. 2020, 2022ರಂಥ ಬಿಸಿ ವರ್ಷಗಳಲ್ಲಿ ಬಾಟಲಿ ಮೇಲೆ ಶೇ. 14 ಆಲ್ಕೋಹಾಲ್ ಕಾಣುವುದು ಸಾಮಾನ್ಯ. 2021ರಲ್ಲಿ 12, 12.5 ಕಾಣುವುದೇ ಜಾಸ್ತಿ.

ಬಿಸಿ ವರ್ಷದಲ್ಲಿ ಹಣ್ಣಿನ ಮಾಗಿದ ಸಿಹಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಾಲ್ಕು ಗ್ಲಾಸಿನಲ್ಲೂ ಕಪ್ಪು ಚೆರ್ರಿಯೇ ಮುಂದೆ ನಿಲ್ಲುತ್ತದೆ, ಊರು ಹಿಂದೆ ಸರಿಯುತ್ತದೆ. ತಂಪಾದ ವರ್ಷದಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ. ಹುಳಿ ಎಷ್ಟು, ಒಗರು ಎಂಥದ್ದು, ರುಚಿ ಎಷ್ಟು ಹೊತ್ತು ಉಳಿಯಿತು, ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. ಇದನ್ನೇ ಕೆಲವರು "ತೆಳು ವೈನ್" ಅಂತ ತಳ್ಳಿಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದಪ್ಪವಾಗಿರುವುದು, ಚೆನ್ನಾಗಿರುವುದು ಎರಡೂ ಒಂದೇ ಅಲ್ಲ.

ಬಾಟಲಿ ಆರಿಸುವಾಗ ಮಾಡುವವರ ಕೈ ಅಡ್ಡ ಬರದಂತೆ ನೋಡಿಕೊಳ್ಳಿ. ಒಬ್ಬರೇ ಮಾಡಿದ ಬೇರೆ ಬೇರೆ ಕ್ರೂ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಇಲ್ಲಿಗಿಂತ ಸುಲಭ. ಬೋಜೊಲೆಯ ಹಳೆಯ ಪದ್ಧತಿಯಲ್ಲಿ ಗೊಂಚಲನ್ನು ಬಿಡಿಸದೆ, ಇಡೀಯಾಗಿಯೇ ತೊಟ್ಟಿಗೆ ಹಾಕುತ್ತಾರೆ. ತಳದ ಹಣ್ಣು ಮೇಲಿನ ಭಾರಕ್ಕೆ ಒಡೆದು ಹುದುಗುತ್ತದೆ, ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ತೊಟ್ಟಿ ತುಂಬುತ್ತದೆ. ಮೇಲಿನ ಹಣ್ಣು ಒಡೆಯದೆ, ಸಿಪ್ಪೆಯೊಳಗೇ ಹುದುಗಲು ಶುರುವಾಗುತ್ತದೆ. ಒಗರು ಕಡಿಮೆ, ಹಣ್ಣಿನ ಪರಿಮಳ ಜಾಸ್ತಿ. ಕೆಲವರು ಬರ್ಗಂಡಿಯವರ ಹಾಗೆ ಹಣ್ಣು ಬಿಡಿಸಿ, ಹುದುಗಿಸಿ, ಮರದ ಪೀಪಾಯಿಯಲ್ಲಿ ಇಡುತ್ತಾರೆ. ಇವೆರಡನ್ನೂ ಒಂದೇ ಸಾಲಿಗೆ ತಂದರೆ ನೀವು ಹೋಲಿಸುವುದು ಪದ್ಧತಿಯನ್ನು, ನೆಲವನ್ನಲ್ಲ. ಬಾಳೆಹಣ್ಣಿನ ವಾಸನೆ ಬಂದರೂ ಅದು ಊರಿನ ಗುಣ ಅಂತ ಬರೆದುಕೊಳ್ಳಬೇಡಿ. ಅದು ಹುದುಗಿಸುವಾಗ ಹುಟ್ಟಿದ್ದು.

ಉಷ್ಣತೆಯ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಅನ್ನುವ ಮಾತು ಯುರೋಪಿನ ತಣ್ಣನೆಯ ಮನೆಗಳ ಕಾಲದ್ದು. ಬೆಂಗಳೂರಿನಲ್ಲಿ ಕೋಣೆ 27 ಡಿಗ್ರಿ ಇದ್ದರೆ ಗಮೆಯ ಹುಳಿ ಸಡಿಲವಾಗಿ, ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಫ್ರಿಜ್‌ನಲ್ಲಿ ಒಂದೂವರೆ ಗಂಟೆ ಇಡಿ, 14 ಡಿಗ್ರಿ ಹತ್ತಿರ ಬರಲಿ. ನಾಲ್ಕು ಒಂದೇ ಥರದ ಗ್ಲಾಸು, ಒಂದೊಂದರಲ್ಲಿ 50 ಮಿಲಿಲೀಟರ್ ಸಾಕು. ಯಾವುದು ಯಾವ ಊರಿನದು ಅಂತ ಗೊತ್ತಾಗದಂತೆ ಬಾಟಲಿಗೆ ಕಾಗದ ಸುತ್ತಿ ನಂಬರ್ ಹಾಕಿ. ಉಗುಳಲು ಒಂದು ಪಾತ್ರೆ ಇರಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಖಾರದ ತಿಂಡಿ ಪಕ್ಕದಲ್ಲಿ ಬೇಡ, ಖಾರ ತಿಂದ ಬಾಯಿಗೆ ಎಲ್ಲ ವೈನೂ ಉರಿ.

ಶಿರೂಬ್ಲ ಸರಾಸರಿಯಲ್ಲಿ ಹತ್ತರಲ್ಲೇ ಎತ್ತರದ ಕ್ರೂ. ಅಲ್ಲಿ ಹಣ್ಣು ತಡವಾಗಿ ಮಾಗುತ್ತದೆ. 2021ರಲ್ಲಿ ಬಣ್ಣವೂ ತೆಳು, ಹುಳಿ ಚುರುಕು, ಹೂವಿನ ಪರಿಮಳ ಮುಂದೆ. ಬಾಯಲ್ಲಿ ಬೇಗ ಮುಗಿಯುತ್ತದೆ. ಫ್ಲೂರಿಯ ಗುಲಾಬಿ ಬಣ್ಣದ ಗ್ರಾನೈಟ್ ಮಣ್ಣಿನಿಂದ ಬರುವ ವೈನೂ ಹೂವಿನ ಕಡೆಗೇ. ಆದರೆ ಇದಕ್ಕೆ ನಡುವಿನಲ್ಲಿ ಒಂದು ತುಂಬು ಇದೆ, ಒಗರು ನಯ. ಇವೆರಡನ್ನು ಬೇರೆ ಮಾಡಲು ಮೂಗನ್ನು ನಂಬಬೇಡಿ, ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು ಅಂತ ಎಣಿಸಿ.

ನನಗೆ ಇಷ್ಟದ ಗ್ಲಾಸು ಮೊರ್ಗೊನ್. ಅದರಲ್ಲೂ ಕೋತ್ ದ್ಯು ಪೀ ಅನ್ನುವ ಗುಡ್ಡದ್ದು. ಆ ಗುಡ್ಡದ ಕಲ್ಲು ಗ್ರಾನೈಟ್ ಅಲ್ಲ, ನೀಲಿ ಛಾಯೆಯ ಹಳೆಯ ಕಲ್ಲು. ಕಲ್ಲಿನ ರುಚಿ ನೇರವಾಗಿ ಗ್ಲಾಸಿಗೆ ಬರುತ್ತದೆ ಅಂತ ಮಾತ್ರ ನಂಬಬೇಡಿ. ಮಣ್ಣು ಎಷ್ಟು ನೀರು ಹಿಡಿದಿಡುತ್ತದೆ, ಬೇರು ಎಷ್ಟು ಆಳಕ್ಕೆ ಹೋಗುತ್ತದೆ, ಇಳಿಜಾರಿಗೆ ಬಿಸಿಲು ಎಷ್ಟು, ಕೆಲಸ ಮಾಡುವುದು ಇವು. 2021ರ ಮೊರ್ಗೊನ್ ಸುರಿದ ಕೂಡಲೇ ಮುದುಡಿಕೊಂಡಂತೆ ಇರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ. ಚೆರ್ರಿ ಬೀಜದ ಕಹಿ ಛಾಯೆ, ಹಸಿ ಮಣ್ಣು ಮೇಲೆ ಬರುತ್ತವೆ. ಒಗರು ನೇರಳೆ ಹಣ್ಣು ತಿಂದ ಮೇಲೆ ಉಳಿಯುವಂಥದ್ದು, ನಾಲಿಗೆಯ ನಡುವೆ ಹಿಡಿದುಕೊಳ್ಳುತ್ತದೆ.

ಮುಲ್ಯಾಂ-ಅ-ವಾಂ ಅಲ್ಲಿನ ಗಾಳಿಯಂತ್ರದಿಂದ ಹೆಸರು ಪಡೆದ ಜಾಗ. ಅದರ ಮಣ್ಣಿನಲ್ಲಿ ಮ್ಯಾಂಗನೀಸ್ ಇದೆ. ಹತ್ತರಲ್ಲಿ ಹೆಚ್ಚು ಕಾಲ ಇಡಬಲ್ಲ ವೈನ್ ಅಂತ ಇದಕ್ಕೆ ಹೆಸರು. ಒಗರು ಒಸಡಿಗೆ ತಾಗಿದರೆ ಇದೇ ಅಂತ ಊಹಿಸಿ. ವೆನಿಲಾ ವಾಸನೆ ಬಂದರೆ ಅದು ಹೊಸ ಪೀಪಾಯಿಯದ್ದು, ನೆಲದ್ದಲ್ಲ.

ಈ ವರ್ಷದಲ್ಲಿ ಎರಡು ವಿಷಯಕ್ಕೆ ಎಚ್ಚರ ಬೇಕು. ಗೊಂಚಲಿನ ಕಾಂಡ ಪೂರ್ತಿ ಮಾಗದೆ ಇದ್ದಲ್ಲಿ ಹಸಿ ಎಲೆಯ ವಾಸನೆ ಬರುತ್ತದೆ. ಸ್ವಲ್ಪ ಇದ್ದರೆ ವೈನಿಗೆ ಅದೇ ಚೆಂದ, ಜಾಸ್ತಿಯಾದರೆ ಕೊನೆಯಲ್ಲಿ ಕಹಿ. ಇನ್ನೊಂದು, ತಂಪು ವರ್ಷಗಳಲ್ಲಿ ಆಲ್ಕೋಹಾಲ್ ಏರಿಸಲು ರಸಕ್ಕೆ ಸಕ್ಕರೆ ಸೇರಿಸಲು ಅಲ್ಲಿ ಅವಕಾಶವಿದೆ. ವೈನಿನ ಮೈ ತೆಳ್ಳಗಿದ್ದೂ ಗಂಟಲಲ್ಲಿ ಬಿಸಿ ಏಳುತ್ತದೆ ಅಂದರೆ ನನಗೆ ಅದರ ಅನುಮಾನ ಬರುತ್ತದೆ. ಇದೇ ಸೀಮೆಯ ವೈನ್ ವ್ಯಾಪಾರಿ, ರಸಾಯನ ತಜ್ಞ ಝ್ಯೂಲ್ ಶೋವೆ ಸಕ್ಕರೆ ಸೇರಿಸುವುದರ ವಿರುದ್ಧ ಇದ್ದರು. ಅವರ ದಾರಿ ಹಿಡಿದವರ 2021ರ ಬಾಟಲಿ ಸಿಕ್ಕರೆ, ಶೇ. 12ಕ್ಕೇ ಎಷ್ಟು ತುಂಬಿದ ರುಚಿ ಬರಬಹುದು ಅನ್ನುವುದು ತಿಳಿಯುತ್ತದೆ.

ಒಂದು ಸುತ್ತಿಗೇ ಅಂಕ ಕೊಡಬೇಡಿ. ಒಂದು ಗಂಟೆ ಬಿಟ್ಟು, ಗ್ಲಾಸುಗಳ ಜಾಗ ಬದಲಿಸಿ ಮತ್ತೆ ನೋಡಿ. ಮೊದಲ ಸುತ್ತಿನಲ್ಲಿ ಶಿರೂಬ್ಲವನ್ನು ಮೆಚ್ಚಿದವರು ಎರಡನೆಯದರಲ್ಲಿ ಮೊರ್ಗೊನ್ ಕಡೆ ವಾಲುವುದನ್ನು ನಾನು ತರಬೇತಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಉಳಿದ ವೈನಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು, ಮಾರನೆಯ ದಿನವೂ ಒಂದೊಂದು ಗುಟುಕು ನೋಡಿ.

ಐದನೇ ಬಾಟಲಿಗೆ ದುಡ್ಡಿದ್ದರೆ ಅದೇ ನಾಲ್ಕು ಊರಲ್ಲಿ ಒಂದರ 2020 ತನ್ನಿ, ಮಾಡಿದವರೂ ಅವರೇ ಇರಲಿ. ಅದನ್ನು ಕೊನೆಗೇ ತೆರೆಯಬೇಕು. ಮೊದಲೇ ಕುಡಿದರೆ 2021ರ ನಾಲ್ಕೂ ಸಪ್ಪೆ ಅನ್ನಿಸಿ, ಇಷ್ಟೆಲ್ಲ ಮಾಡಿದ್ದು ದಂಡವಾಗುತ್ತದೆ.