ಹಳೆ ಸ್ಪೋರ್ಟ್ಸ್ ಕಾರಿನ ಸ್ವಿಚ್ ಅಂಟುತ್ತಿದ್ದರೆ ಕೊಬ್ಬರಿ ಎಣ್ಣೆ ಹಚ್ಚಬೇಡಿ

ಹೋದ ತಿಂಗಳು ತುಮಕೂರಿನ ನಮ್ಮ ಅಂಗಡಿಗೆ ಬೆಂಗಳೂರಿನಿಂದ ಒಂದು ಕಾರು ಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಇಪ್ಪತ್ತು ವರ್ಷ ದಾಟಿದ್ದು. ಹೊರಗಡೆ ಬಣ್ಣ ಕನ್ನಡಿ ಥರ ಹೊಳೆಯುತ್ತಿತ್ತು. ಒಳಗೆ ಕೂತು ಎಸಿ ನಾಬ್ ಮುಟ್ಟಿದೆ, ಬೆರಳು ಅಲ್ಲೇ ಹಿಡಿದುಕೊಂಡಿತು. ಕೈ ಎಳೆದರೆ ಕಪ್ಪು ಅಂಟು ನೂಲು ನೂಲಾಗಿ ಬಂತು. ಮಾಲೀಕರು ಗುಬ್ಬಿ ಕಡೆಯವರು, ವಯಸ್ಸಾದವರು. "ಹಲಸಿನ ಹಣ್ಣು ಬಿಡಿಸಿದ ಕೈ ಥರ ಆಗಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ ಕಣಪ್ಪಾ, ಇನ್ನೂ ಜಾಸ್ತಿ ಆಯ್ತು" ಅಂದರು.

ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸು ತಿಂದು ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಹಲಸಿನ ಅಂಟು ಕೈ ಮೇಲೆ ಬಂದು ಕೂತ ಅಂಟು, ಎಣ್ಣೆ ಹಚ್ಚಿದರೆ ಬಿಟ್ಟುಕೊಳ್ಳುತ್ತದೆ. ಇಲ್ಲಿ ಹೊರಗಿನಿಂದ ಏನೂ ಬಂದಿಲ್ಲ. ನಾಬ್ ಮೇಲಿನ ಕೋಟಿಂಗೇ ಕೆಟ್ಟು ಅಂಟಾಗಿದೆ. ಅದಕ್ಕೆ ಎಷ್ಟು ತೊಳೆದರೂ ಅದು ಸರಿಹೋಗುವುದಿಲ್ಲ. ಪೂರ್ತಿ ತೆಗೆಯಲೇಬೇಕು.

1990ರ ನಂತರ ಕಾರು ಕಂಪನಿಗಳು ಗಟ್ಟಿ ಪ್ಲಾಸ್ಟಿಕ್ ಮೇಲೆ ಮೆತ್ತನೆಯ ರಬ್ಬರಿನಂಥ ಬಣ್ಣ ಹೊಡೆಯಲು ಶುರು ಮಾಡಿದವು. ಮುಟ್ಟಿದರೆ ಹಿತವಾಗಿರಲಿ, ಬಿಸಿಲಿಗೆ ಮಿಂಚದಿರಲಿ ಅಂತ. ಅದು ಪಾಲಿಯುರೆಥೇನ್ ಜಾತಿಯ ಬಣ್ಣ. ಗಾಳಿಯಲ್ಲಿರುವ ನೀರಿನ ಅಂಶ ವರ್ಷಗಟ್ಟಲೆ ಒಳಗೆ ಸೇರಿ, ಆ ಬಣ್ಣವನ್ನು ಹಿಡಿದಿಟ್ಟ ಅಣುಗಳ ಉದ್ದುದ್ದ ಸರಪಳಿಗಳನ್ನು ತುಂಡು ತುಂಡು ಮಾಡುತ್ತದೆ. ಬಿಸಿಲಿಗೆ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ದಾಟುತ್ತದೆ, ಆ ಕಾವಿಗೆ ಕೆಲಸ ಇನ್ನೂ ಬೇಗ ನಡೆಯುತ್ತದೆ. ಕೈ ಬೆವರು, ಹ್ಯಾಂಡ್ ಕ್ರೀಮು, ಡ್ಯಾಶ್‌ಬೋರ್ಡ್ ಪಾಲಿಶು, ಕೊರೊನಾ ಕಾಲದಲ್ಲಿ ದಿನಾ ಹಚ್ಚಿದ ಸ್ಯಾನಿಟೈಸರ್ರು, ಎಲ್ಲಾ ಸೇರಿಕೊಳ್ಳುತ್ತವೆ. ಫೆರಾರಿ 360, ಎಫ್430 ಕಾರುಗಳಲ್ಲಿ ಇದು ಪ್ರಪಂಚಕ್ಕೇ ಗೊತ್ತಿರುವ ತೊಂದರೆ. 1996ರಿಂದ 2004ರವರೆಗೆ ಬಂದ ಮೊದಲ ತಲೆಮಾರಿನ ಮರ್ಸಿಡಿಸ್ ಎಸ್‌ಎಲ್‌ಕೆಯಲ್ಲಿ ಒಳಗಿನ ಬಣ್ಣ ಹಳೆ ಗೋಡೆಯ ಸುಣ್ಣದ ಥರ ಚಕ್ಕೆ ಏಳುತ್ತದೆ. ಕಾರು ಜಾಸ್ತಿ ಓಡಿಲ್ಲ, ಶೆಡ್‌ನಲ್ಲೇ ಇತ್ತು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಇದಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ, ವರ್ಷದ ಲೆಕ್ಕ.

ಕೆಲವರು ಟಾಲ್ಕಮ್ ಪೌಡರ್ ಉದುರಿಸುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಬೂದಿ ಬಣ್ಣದ ಹಿಟ್ಟು ಸ್ವಿಚ್ ಸಂದಿಗೆಲ್ಲಾ ಇಳಿಯುತ್ತದೆ. ತಿನ್ನರ್ ಮತ್ತು ನೇಲ್ ಪಾಲಿಶ್ ರಿಮೂವರ್ ಅಂತೂ ಬೇಡವೇ ಬೇಡ. ಕೋಟಿಂಗ್ ಕೆಳಗಿನ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕನ್ನು ಅವು ಕರಗಿಸುತ್ತವೆ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಂದು ಕಿಟಕಿ ಸ್ವಿಚ್ಚನ್ನು ತಿನ್ನರ್‌ನಲ್ಲಿ ಒರೆಸಿ ಹಾಳು ಮಾಡಿದ್ದೇನೆ. ಬಾಣದ ಗುರುತು ಅಳಿಸಿತು, ಮೇಲ್ಮೈ ಬೆಂದ ಹಾಗೆ ಸುಕ್ಕಾಯಿತು. ಆ ಸ್ವಿಚ್ ಬೇರೆ ಸಿಗಲೇ ಇಲ್ಲ. ಹಳೆ ಕಾರಿನಲ್ಲಿ ಇದೇ ದೊಡ್ಡ ಸಂಕಟ, ಕೈಯಲ್ಲಿರುವ ಭಾಗವೇ ಕೊನೆಯ ಭಾಗ ಅಂದುಕೊಂಡು ಮುಟ್ಟಬೇಕು.

ನಾವು ಬಳಸುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಬೆಂಕಿ ಬೇಗ ಹಿಡಿಯುವ ವಸ್ತು, ಕಿಟಕಿ ತೆಗೆದಿಟ್ಟು, ಗ್ಲೌಸ್ ಹಾಕಿಕೊಂಡು ಕೆಲಸ ಮಾಡಿ. ಮೊದಲು ಕಣ್ಣಿಗೆ ಕಾಣದ ಹಿಂಭಾಗದಲ್ಲಿ ಒಂದು ಹನಿ ಹಾಕಿ ನೋಡಿ.

ಭಾಗಗಳನ್ನು ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ, ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಟೀರಿಂಗ್ ಹತ್ತಿರದ ಕೆಲಸವಾದರೆ ಹದಿನೈದು ನಿಮಿಷ ಕಾಯಿರಿ, ಏರ್‌ಬ್ಯಾಗ್ ಅಲ್ಲೇ ಇರುತ್ತದೆ. ಆ ಅನುಭವ ಇಲ್ಲದಿದ್ದರೆ ಸ್ಟೀರಿಂಗ್ ತಂಟೆಗೆ ಹೋಗಬೇಡಿ. ಏರ್‌ಬ್ಯಾಗ್ ಮುಚ್ಚಳಕ್ಕೆ ಬಣ್ಣವನ್ನಂತೂ ಯಾರೂ ಹೊಡೆಯಬಾರದು. ಇಪ್ಪತ್ತು ವರ್ಷದ ಕ್ಲಿಪ್‌ಗಳು ಹಪ್ಪಳದ ಹಾಗೆ ಮುರಿಯುತ್ತವೆ, ಅದಕ್ಕೆ ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಆಮೇಲೆ ಬಿಚ್ಚುತ್ತೇನೆ. ಬೆಚ್ಚಗಾದ ಪ್ಲಾಸ್ಟಿಕ್ ಸ್ವಲ್ಪ ಬಾಗುತ್ತದೆ.

ಆ ಎಸಿ ನಾಬನ್ನೇ ತೆಗೆದುಕೊಳ್ಳಿ. ಹಳೆ ಬನಿಯನ್ ಬಟ್ಟೆಯನ್ನು ಐಪಿಎಯಲ್ಲಿ ಅದ್ದಿ ನಾಬ್ ಸುತ್ತ ಸುತ್ತಿಟ್ಟು ಐದು ನಿಮಿಷ ಬಿಟ್ಟೆ. ತೆಗೆದಾಗ ಬಟ್ಟೆಯೆಲ್ಲಾ ಡಾಂಬರು ಮೆತ್ತಿದ ಹಾಗಿತ್ತು. ಮಡಚಿ, ಹೊಸ ಜಾಗದಲ್ಲಿ ಒರೆಸಿ, ಮತ್ತೆ ಮಡಚಿ ಒರೆಸಬೇಕು. ಕೊಳೆಯಾದ ಜಾಗದಲ್ಲೇ ಉಜ್ಜಿದರೆ ಅಂಟು ಅಲ್ಲಿಂದ ಇಲ್ಲಿಗೆ ಓಡಾಡುತ್ತದೆ ಅಷ್ಟೇ. ಅಂಚಿನ ಸಣ್ಣ ಸಣ್ಣ ಸಂದಿಗಳಲ್ಲಿ ಕೂತದ್ದನ್ನು ಹಳೆ ಟೂತ್‌ಬ್ರಷ್ಷು, ಟೂತ್‌ಪಿಕ್ಕು ಹಿಡಿದು ಒಂದೊಂದಾಗಿ ತೆಗೆದೆ. ಆ ಒಂದು ನಾಬ್‌ಗೆ ಮುಕ್ಕಾಲು ಗಂಟೆ. ಕೊನೆಗೆ ಕೆಳಗಿನಿಂದ ಒಳ್ಳೆ ಕಪ್ಪು ಪ್ಲಾಸ್ಟಿಕ್ ಬಂತು, ಗೀರಿಲ್ಲ, ಬಿರುಕಿಲ್ಲ. ಮಾಲೀಕರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

ಗುರುತು ಇಲ್ಲದ ನಾಬು, ವೆಂಟು, ಹಿಡಿಕೆ ಇವನ್ನು ಹೀಗೆ ಬರೀ ಪ್ಲಾಸ್ಟಿಕ್ ಆಗಿಯೇ ಬಿಡುವುದು ನನಗೆ ಇಷ್ಟ. ಇನ್ನು ಅಂಟುವ ಮಾತೇ ಇಲ್ಲ. ಮೊದಲಿನ ಮೆತ್ತನೆ ಸ್ಪರ್ಶವೇ ಬೇಕು ಅಂತ ಅದೇ ಜಾತಿಯ ಕೋಟಿಂಗ್ ಮತ್ತೆ ಹೊಡೆಸುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ, ಕೆಲವು ವರ್ಷಕ್ಕೆ ಅದೇ ಅಂಟು ತಿರುಗಿ ಬರಬಹುದು. ಬಣ್ಣ ಬೇಕೇ ಬೇಕು ಅಂದರೆ ಹಾರ್ಡ್‌ನರ್, ಅಂದರೆ ಬಣ್ಣವನ್ನು ಗಟ್ಟಿ ಮಾಡುವ ದ್ರವ ಸೇರಿಸಿ ಹೊಡೆಯುವ, ಮಿಂಚದ ಮ್ಯಾಟ್ 2ಕೆ ಪೇಂಟ್ ಹೊಡೆಸಿ. ಅದರ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದು ಪೇಂಟ್ ಹೊಡೆಯುವ ಬೂತ್ ಇರುವವರು ಸರಿಯಾದ ಮಾಸ್ಕ್ ಹಾಕಿ ಮಾಡುವ ಕೆಲಸ.

ಕಷ್ಟ ಇರುವುದು ರಾತ್ರಿ ಬೆಳಗುವ ಬಟನ್‌ಗಳಲ್ಲಿ. ಅವುಗಳ ಒಳಗೆ ಬೆಳಕು ಹಾಯುವ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಕಪ್ಪು ಪದರ. ಆ ಕಪ್ಪನ್ನು ಲೇಸರ್‌ನಿಂದ ಕೆರೆದು ಗುರುತು ಮೂಡಿಸಿರುತ್ತಾರೆ. ಕಪ್ಪು ತೆಗೆದರೆ ಗುರುತೂ ಹೋಯಿತು, ರಾತ್ರಿ ಇಡೀ ಬಟನ್ ಬಲ್ಬಿನ ಹಾಗೆ ಉರಿಯುತ್ತದೆ. ಅದಕ್ಕೆ ಇವನ್ನು ಒರೆಸುವ ಮುಂಚೆಯೇ ಗುರುತಿನ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ಫೋಟೋ ತೆಗೆಯಿರಿ. ಆಮೇಲೆ ತೆಳುವಾಗಿ ಕಪ್ಪು ಹೊಡೆದು, ಒಣಗಿಸಿ, ಲೇಸರ್ ಕೆತ್ತನೆಯವರ ಹತ್ತಿರ ಅದೇ ಅಳತೆಗೆ ಗುರುತು ಹಾಕಿಸಬೇಕು.

ಈ ಕಾರಿನಲ್ಲಿ ಅಂಥವು ಏಳು ಬಟನ್ ಇದ್ದವು. ಎಲ್ಲಾ ಕೂರಿಸಿದ ಮೇಲೆ ಸಂಜೆ ಶಟರ್ ಎಳೆದು, ಅಂಗಡಿಯ ಲೈಟ್ ಆರಿಸಿ, ಕಾರಿನ ಪಾರ್ಕಿಂಗ್ ಲೈಟ್ ಹಾಕಿ ನೋಡಿದೆವು. ಆರು ಸರಿಯಾಗಿದ್ದವು. ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಬಟನ್ನಿನ ಮೂಲೆಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಬೆಳಕು ಸೋರುತ್ತಿತ್ತು. ಹಗಲಲ್ಲಿ ಅದು ಕಾಣುವುದೇ ಇಲ್ಲ. "ಇರಲಿ ಬಿಡಪ್ಪಾ, ಪರವಾಗಿಲ್ಲ" ಅಂದರು ಮಾಲೀಕರು. ನಾನು ಬಟನ್ ಮತ್ತೆ ಬಿಚ್ಚಿಕೊಂಡೆ, ಕಾರು ಒಂದು ದಿನ ತಡವಾಗಿ ಹೋಯಿತು.